ಮ್ಯಾನ್ಯುಮಿಷನ್, ಎಮ್ಯಾನ್ಸಿಪೇಶನ್, ಅಬಾಲಿಷನ್: ಮೂರಕ್ಕೂ 'ವಿಮೋಚನೆ' ಒಂದೇನಾ? ಮತ್ತೆ 'ಅಪ್ರೆಂಟಿಸ್'ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಕೆರಿಬಿಯನ್ ದ್ವೀಪಗಳಾದ ಜಮೈಕಾ, ಟ್ರಿನಿಡಾಡ್ ಕಡೆಯ ಗುಲಾಮಗಿರಿ ಬಗ್ಗೆ ಒಂದು ಲೇಖನ ಕನ್ನಡಕ್ಕೆ ತರ್ತಾ ಇದೀನಿ, ವಿಷಯ ಅರ್ಥ ಆಗಿದೆ, ಪದಗಳೇ ಕೈ ಕೊಡ್ತಾ ಇವೆ. 'ಗುಲಾಮ' ಬಗ್ಗೆ ನನಗೆ ತಕರಾರಿಲ್ಲ ('ದಾಸ' ಅಂದ್ರೆ ನಮ್ಗೆ ತಂಬೂರಿ ನೆನಪಾಗುತ್ತೆ, ಬೇಡ). ತೊಂದ್ರೆ ಶುರುವಾಗೋದು ಗುಲಾಮಗಿರಿ ಮುಗಿಯೋ ಜಾಗದಲ್ಲಿ.

ನಿಘಂಟು ತೆಗೆದ್ರೆ ಮೂರಕ್ಕೂ ವಿಮೋಚನೆ, ಬಿಡುಗಡೆ ಅಂತ್ಲೇ ಹೆಚ್ಚುಕಮ್ಮಿ. ಆದ್ರೆ ಬ್ರಿಟನ್ 1807ರಲ್ಲಿ ರದ್ದು ಮಾಡಿದ್ದು ಗುಲಾಮರ ವ್ಯಾಪಾರವನ್ನ ಮಾತ್ರ, ಕಬ್ಬಿನ ತೋಟದಲ್ಲಿ ಆಗ್ಲೇ ಇದ್ದ ಗುಲಾಮರು ಗುಲಾಮರಾಗೇ ಉಳಿದ್ರು, ಅದಾದ್ಮೇಲೆ 27 ವರ್ಷ. ಅಲ್ಲಿ 'ವಿಮೋಚನೆ' ಅಂತ ಬರೆದ್ರೆ ಸುಳ್ಳು ಬರೆದಂಗೆ. ಹಂಗಾಗಿ ಅಬಾಲಿಷನ್‌ಗೆ 'ರದ್ದು', ಎಮ್ಯಾನ್ಸಿಪೇಶನ್‌ಗೆ (ಅಂದ್ರೆ ಗುಲಾಮರನ್ನೆಲ್ಲ ಕಾನೂನಿಂದ ಒಟ್ಟಿಗೆ ಬಿಡೋದಕ್ಕೆ) 'ವಿಮೋಚನೆ' ಅಂತ ಇಟ್ಕೊಂಡಿದೀನಿ.

ಮ್ಯಾನ್ಯುಮಿಷನ್ ಅಂದ್ರೆ ಒಬ್ಬ ಯಜಮಾನ ಒಬ್ಬ ಗುಲಾಮನಿಗೆ ಪತ್ರ ಬರ್ಕೊಟ್ಟು ಕಳ್ಸೋದು. ಲ್ಯಾಟಿನ್ ಮೂಲದಲ್ಲಿ 'ಕೈಯಿಂದ ಬಿಡೋದು' ಅಂತ ಅರ್ಥ. ಆಹಾ ಕನ್ನಡದಲ್ಲಿ ರೆಡಿ ಇದೆಯಲ್ಲ 'ಕೈಬಿಡು' ಅಂತ ಖುಷಿಪಟ್ಟೆ, ಎರಡೇ ನಿಮಿಷ, ನಮ್ಮಲ್ಲಿ ಕೈಬಿಟ್ಟ ಅಂದ್ರೆ ನಡುನೀರಲ್ಲಿ ಬಿಟ್ಟು ಹೋದ ಅಂತ! ತಮಾಷೆ ಅಂದ್ರೆ ಕೆಲವು ಕಡೆ ಅದೇ ಸರಿಯಾದ ಅರ್ಥ. ಮುದುಕರಾದ ಮೇಲೆ ಸಾಕೋ ಖರ್ಚು ಯಾರಿಗೆ ಬೇಕು ಅಂತ ಯಜಮಾನರು 'ಸ್ವಾತಂತ್ರ್ಯ' ಕೊಟ್ಟು ಬೀದಿಗೆ ಬಿಡ್ತಿದ್ರು, ಅವರ ಭಾರ ಊರಿನ ಮೇಲೆ ಬೀಳುತ್ತೆ ಅಂತ 1703ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಒಬ್ಬ ಗುಲಾಮನ್ನ ಬಿಡೋಕೆ 50 ಪೌಂಡ್ ಜಾಮೀನು ಕೊಡ್ಬೇಕು ಅಂತ ಕಾನೂನೇ ಬಂತು.

ಇನ್ನೊಂದು ಕಡೆ ಒಲೌಡಾ ಇಕ್ವಿಯಾನೋ ಇದಾನೆ, ಮಾಂಟ್‌ಸೆರಾಟ್ ದ್ವೀಪದ ವ್ಯಾಪಾರಿ ರಾಬರ್ಟ್ ಕಿಂಗ್ ಹತ್ರ ಗುಲಾಮನಾಗಿ ಇದ್ದೋನು, ಹಡಗಲ್ಲಿ ಓಡಾಡ್ತಾ ಸಣ್ಣಪುಟ್ಟ ಸಾಮಾನು ಮಾರಿ ಕಾಸಿಗೆ ಕಾಸು ಕೂಡಿಸಿ 1766ರಲ್ಲಿ 40 ಪೌಂಡ್ ಕೊಟ್ಟು ತನ್ನನ್ನ ತಾನೇ ಕೊಂಡ್ಕೊಂಡ. ಇದನ್ನ 'ಕಿಂಗ್ ಅವನನ್ನು ಬಿಡುಗಡೆ ಮಾಡಿದ' ಅಂತ ಬರೆದ್ರೆ ಪುಣ್ಯವೆಲ್ಲಾ ಕಿಂಗ್‌ಗೆ ಹೋಗುತ್ತೆ. ನಾನು 'ಬಿಡಿಸಿಕೊಂಡ' ಅಂತ ಹಾಕಿದೀನಿ, ಅಡವಿಟ್ಟ ಒಡವೆ ಬಿಡಿಸ್ಕೊಂಡಂಗೆ. ಅಷ್ಟೇ ಸಾಕಾ?

ಈಗ ನಿಜವಾದ ತಲೆನೋವು. 1833ರ ಕಾನೂನಿನ ಪ್ರಕಾರ 1834ರ ಆಗಸ್ಟ್ 1ಕ್ಕೆ ಬ್ರಿಟಿಷ್ ಕೆರಿಬಿಯನ್‌ನಲ್ಲಿ ಗುಲಾಮಗಿರಿ ಮುಗೀತು, ಆದ್ರೆ ಆರು ವರ್ಷ ಮೇಲ್ಪಟ್ಟ ಎಲ್ರೂ ಅವತ್ತಿನಿಂದ 'ಅಪ್ರೆಂಟಿಸ್'! ಅದೇ ತೋಟ, ಅದೇ ಯಜಮಾನ, ವಾರಕ್ಕೆ 45 ಗಂಟೆವರೆಗೂ ಸಂಬಳ ಇಲ್ಲದ ದುಡಿಮೆ, ಹೊಲದಲ್ಲಿ ದುಡಿಯೋರಿಗೆ ಆರು ವರ್ಷ, ಮಿಕ್ಕವರಿಗೆ ನಾಲ್ಕು. ಆ್ಯಂಟಿಗಾ ದ್ವೀಪ ಮಾತ್ರ ಇದು ಬೇಡ ಅಂತ ಗುಲಾಮರನ್ನ ನೇರವಾಗಿ ಬಿಟ್ಬಿಡ್ತು. ಟ್ರಿನಿಡಾಡ್‌ನಲ್ಲಿ ಗವರ್ನರ್ ಬಂದು ವಿವರಿಸ್ತಾ ಇದ್ರೆ ಜನ ಫ್ರೆಂಚ್‌ನಲ್ಲಿ 'ಆರು ವರ್ಷ ಬೇಡ' ಅಂತ ಕೂಗಿ ಅವನ ಮಾತೇ ಕೇಳದಂಗೆ ಮಾಡಿದ್ರು. ಕೊನೆಗೆ ಆರು ವರ್ಷ ನಡೀಲಿಲ್ಲ, 1838ರ ಆಗಸ್ಟ್ 1ಕ್ಕೆ ಎಲ್ರಿಗೂ ಮುಗೀತು, ಜಮೈಕಾ ಜನ ಅದನ್ನ 'ಫುಲ್ ಫ್ರೀ' ಅಂದ್ರು. ಎಷ್ಟು ಚೆಂದದ ಪದ ನೋಡಿ, ಮೊದಲನೇದು ಅರ್ಧಂಬರ್ಧ ಅಂತ ಅದರಲ್ಲೇ ಇದೆ.

ಈ ಅಪ್ರೆಂಟಿಸ್‌ಗೆ ನಿಘಂಟು ಕೊಡೋದು 'ಶಿಕ್ಷಾರ್ಥಿ', 'ತರಬೇತಿ ಪಡೆಯುವವ'. ಹುಟ್ಟಿದಾಗಿಂದ ಕಬ್ಬು ಕಡಿದೋರಿಗೆ ಏನಪ್ಪಾ ತರಬೇತಿ? ಅಪ್ರೆಂಟಿಸ್ ಅಂತ್ಲೇ ಬಿಟ್ರೆ ಓದೋರಿಗೆ ಐಟಿಐ ಮುಗ್ಸಿದ ಹುಡುಗ ನೆನಪಾಗ್ತಾನೆ. ನಂಗೆ ಹೊಳೆದಿದ್ದು 'ಜೀತ'. ಆದ್ರೆ ನಮ್ಮ ಜೀತದ ಹಿಂದೆ ಸಾಲ ಇರುತ್ತೆ, 1976ರ ಜೀತ ಪದ್ಧತಿ ರದ್ದತಿ ಕಾನೂನು ಕೂಡ ಸಾಲದ ಸುತ್ತಲೇ ಇದೆ. ಅಲ್ಲಿ ಈ ಅಪ್ರೆಂಟಿಸ್‌ಗಳು ದುಡೀತಿದ್ದದ್ದು ಯಾವ ಸಾಲ ತೀರಿಸೋಕೂ ಅಲ್ಲ. ಇನ್ನೂ ಮಜಾ, ಹಳಗನ್ನಡದಲ್ಲಿ ಜೀತ ಅಂದ್ರೆ ('ಜೀವಿತ'ದಿಂದ ಬಂದಿದ್ದು) ಸಂಬಳ, ತೆಲುಗಲ್ಲಿ ಇವತ್ತಿಗೂ ಜೀತಂ ಅಂದ್ರೆ ಸಂಬಳವೇ. ಸಂಬಳ ಅನ್ನೋ ಪದವೇ ನಮ್ಮಲ್ಲಿ ಸಂಬಳ ಇಲ್ಲದ ದುಡಿಮೆ ಆಗಿ ಕೂತಿದೆ!

ಜೊತೆಗೆ ಒಂದು ಸಣ್ಣದು. ಗುಲಾಮಗಿರಿ ಮುಗಿಸಿದಾಗ ಬ್ರಿಟಿಷ್ ಸರ್ಕಾರ ಕೊಟ್ಟ 2 ಕೋಟಿ ಪೌಂಡ್‌ಗೆ 'ಪರಿಹಾರ' ಅಂತ ಬರೆದಿದ್ದೆ, ಓದಿದ ನನ್ನ ತಂಗಿ "ಪಾಪ, ಕೊನೆಗೂ ಅವರಿಗೇನೋ ಸಿಕ್ತಲ್ಲ" ಅಂದ್ಳು. ಸಿಕ್ಕಿದ್ದು ಯಜಮಾನರಿಗೆ ಕಣೇ ಅಂದೆ. ನೆರೆ ಪರಿಹಾರ, ಬೆಳೆ ಪರಿಹಾರ ಅಂತ ಕೇಳಿ ಬೆಳೆದೋರಿಗೆ ಪರಿಹಾರ ಹೋಗೋದು ನೊಂದವರಿಗೇ ತಾನೇ. ಈಗ 'ಮಾಲೀಕರಿಗೆ ಆಸ್ತಿನಷ್ಟದ ಹಣ' ಅಂತ ಉದ್ದಕ್ಕೆ ಬರೆದಿದೀನಿ.

ಅಪ್ರೆಂಟಿಸ್ ವಿಷಯಕ್ಕೆ ಬಂದ್ರೆ, ಆ ದುಡಿಮೆಗೆ 'ಅವಧಿ ಜೀತ' ಅಂತ ಯೋಚಿಸ್ತಿದೀನಿ, ಆದ್ರೆ ಸರ್ಕಾರಿ ಸುತ್ತೋಲೆ ವಾಸನೆ ಹೊಡೀತಿದೆ. ಜೀತದ ಮಾತು ಮನೇಲಿ ಕೇಳಿ ಬೆಳೆದೋರು ಯಾರಾದ್ರೂ ಇದ್ರೆ ಹೇಳಿ, ಇನ್ನೂ ಇಷ್ಟು ವರ್ಷ ದುಡಿಯೋದು ಬಾಕಿ ಇದೆ ಅನ್ನೋದಕ್ಕೆ, ಮತ್ತೆ ಪೂರ್ತಿ ಬಿಟ್ಟು ಬಂದವರಿಗೆ, ನಿಮ್ಮೂರ ಕಡೆ ಏನಂತಿದ್ರು?