ಗೇಮ್ ಅವಾರ್ಡ್ಸ್ ಪಟ್ಟಿ: ಡಿಸೈನರ್ ಅವರನ್ನು ಕೇಳಿ

ರಾತ್ರಿಪಾಳಿ: ಸರ್, ವಿಡಿಯೊ ಗೇಮ್‌ಗಳಿಗೆ ಕೊಡುವ 2024ರ ‘ದಿ ಗೇಮ್ ಅವಾರ್ಡ್ಸ್’ನ ‘ವರ್ಷದ ಆಟ’ ಪ್ರಶಸ್ತಿಯ ಪಟ್ಟಿಯಲ್ಲಿ ‘ಶ್ಯಾಡೋ ಆಫ್ ದಿ ಎರ್ಡ್‌ಟ್ರೀ’ ಇದೆ. ಅದು ‘ಎಲ್ಡನ್ ರಿಂಗ್’ ಆಟದ ಡಿಎಲ್‌ಸಿ, ಅಂದರೆ ಆಮೇಲೆ ಸೇರಿಸಿದ ಹೆಚ್ಚುವರಿ ಭಾಗ ಮಾತ್ರ. ಮೂಲ ಆಟಕ್ಕೆ 2022ರಲ್ಲೇ ಪ್ರಶಸ್ತಿ ಬಂದಿದೆ. ಒಂದೇ ಮದುವೆಗೆ ಎರಡು ಸಲ ಮುಯ್ಯಿಯೇ?

ಡಿಸೈನರ್: ನಿಯಮ ಅಡ್ಡಬರುವುದಿಲ್ಲ. ಡಿಎಲ್‌ಸಿ, ರೀಮೇಕ್ (ಹಳೆಯ ಆಟವನ್ನು ಹೊಸದಾಗಿ ಮಾಡಿದ್ದು), ರೀಮಾಸ್ಟರ್ (ಹಳೆಯದನ್ನೇ ತಿದ್ದಿ ಚೆಂದ ಮಾಡಿದ್ದು) ಎಲ್ಲವೂ ಅರ್ಹವೆಂದು ಆಯೋಜಕರು ಹೇಳಿದ್ದಾರೆ. 2016ರ ಅತ್ಯುತ್ತಮ ಆರ್‌ಪಿಜಿ (ಒಂದು ಪಾತ್ರವಾಗಿ ಆಡುವ ಆಟ) ಪ್ರಶಸ್ತಿ ಪಡೆದದ್ದು ‘ವಿಚರ್ 3’ರ ‘ಬ್ಲಡ್ ಅಂಡ್ ವೈನ್’ ಎಂಬ ವಿಸ್ತರಣೆಯೇ. ಆದರೂ ನನಗೆ ಕಸಿವಿಸಿ ಇದೆ. ಮೂಲ ಆಟದ ರಾಡಾನ್, ಮೋಗ್ ಎಂಬ ಬಲಿಷ್ಠ ಶತ್ರುಗಳಿಬ್ಬರನ್ನೂ ಸೋಲಿಸದೆ ಇದರೊಳಗೆ ಕಾಲಿಡಲಾಗುವುದಿಲ್ಲ.

ಪಿಕ್ಸೆಲ್ ಪುಟ್ಟ: ಬಂದ ಸಂದೇಶ: ಐದು ಇಮೇಲ್‌ಗಳಿಂದ ಮತ ಹಾಕಿದರೆ ಪಟ್ಟಿಯಲ್ಲಿರುವ ‘ಬ್ಲ್ಯಾಕ್ ಮಿತ್: ವುಕಾಂಗ್’ ಆಟ ಖಂಡಿತ ಗೆಲ್ಲುತ್ತದೆ. ಹತ್ತು ಜನರಿಗೆ ಕಳುಹಿಸಿ.

ಡಿಸೈನರ್: ಜ್ಯೂರಿಯ ಮತಕ್ಕೆ ಶೇ. 90, ಸಾರ್ವಜನಿಕರದ್ದಕ್ಕೆ ಶೇ. 10 ತೂಕ. ಯಾರಿಗೂ ಕಳುಹಿಸಬೇಡಿ.

ಶಿವಮೊಗ್ಗದ ಅಕ್ಕ: ಒಬ್ಬನೇ ಮಾಡಿದ ಇಸ್ಪೀಟಿನ ಆಟ ‘ಬಲಾಟ್ರೊ’ ಪಟ್ಟಿಗೆ ಬಂದದ್ದನ್ನು ನೋಡಿ ನನ್ನ ತಮ್ಮ ಕೆಲಸ ಬಿಟ್ಟಿದ್ದಾನೆ. ಮುಂದಿನ ವರ್ಷ ಅವನ ಆಟವನ್ನು ಪಟ್ಟಿಗೆ ಸೇರಿಸಿಕೊಡುತ್ತೇವೆಂದು ಯಾರೋ 40,000 ರೂಪಾಯಿ ಕೇಳುತ್ತಿದ್ದಾರೆ. ಅಪ್ಪ ಪಿಂಚಣಿ ಹಣ ಕೊಡಲು ಹೊರಟಿದ್ದಾರೆ.

ಡಿಸೈನರ್: ಮೇಡಂ, ಒಂದು ರೂಪಾಯಿಯನ್ನೂ ಕೊಡಬೇಡಿ. ಮೊದಲು ಅಪ್ಪನಿಗೆ ಫೋನ್ ಮಾಡಿ, ಉಳಿದದ್ದನ್ನು ಆಮೇಲೆ ಓದಿ. ನಾಮನಿರ್ದೇಶನ ಮಾಡುವುದು ಬೇರೆ ಬೇರೆ ದೇಶಗಳ ನೂರಕ್ಕೂ ಹೆಚ್ಚು ಮಾಧ್ಯಮ ಸಂಸ್ಥೆಗಳ ಜ್ಯೂರಿ. ಅಲ್ಲಿ ಸೀಟು ಕೊಡಿಸುವ ದಲ್ಲಾಳಿಗೆ ಜಾಗವಿಲ್ಲ. ಇನ್ನು ‘ಬಲಾಟ್ರೊ’. ಅದನ್ನು ಮಾಡಿದ ಕೆನಡಾದ ವ್ಯಕ್ತಿ ಹೆಸರು ಬಿಟ್ಟುಕೊಡದೆ ‘ಲೋಕಲ್‌ಥಂಕ್’ ಎಂದೇ ಉಳಿದಿದ್ದಾರೆ. ಶುರುವಾದದ್ದು ಹವ್ಯಾಸವಾಗಿ. ಡೆಮೊ (ಆಡಿ ನೋಡಲು ಕೊಡುವ ಮಾದರಿ) ಜನರ ಕೈಸೇರಿ ಹೆಸರು ಮಾಡಿದ ಮೇಲೆಯೇ, 2024ರ ಫೆಬ್ರವರಿಯಲ್ಲಿ ಆಟ ಬಿಡುಗಡೆಯಾಯಿತು. ‘ಒಬ್ಬನೇ’ ಎನ್ನುವುದೂ ಅರ್ಧ ಸತ್ಯ. ಸಂಗೀತ ಬೇರೆಯವರದು, ಪ್ರಕಾಶಕರು ಪ್ಲೇಸ್ಟ್ಯಾಕ್. ತಮ್ಮನ ಬಳಿ ಆಡಬಹುದಾದ ಡೆಮೊ ಇದೆಯೇ? ಇದ್ದರೆ ಕಳುಹಿಸಲಿ, ಆಡಿ ನೋಡುತ್ತೇನೆ. ಇಲ್ಲವಾದರೆ ಕೆಲಸ ಬಿಟ್ಟದ್ದು ಆತುರವಾಯಿತು.

ಎಲೆ ವಿರೋಧಿ: ಇಸ್ಪೀಟಿಗೂ ಪ್ರಶಸ್ತಿಯೇ? ಜೂಜು!

ರಾತ್ರಿಪಾಳಿ: ಅದರಲ್ಲಿ ನಿಜವಾದ ಹಣ ಕಟ್ಟುವುದೇ ಇಲ್ಲ. ಪೋಕರ್ ಜೋಡಣೆಗೆ ಅಂಕ, ಜೋಕರ್‌ಗಳಿಂದ ಅಂಕ ಹಲವು ಪಟ್ಟು. ಹಬ್ಬಕ್ಕೆ ಮನೆಯಲ್ಲಿ ರಮ್ಮಿ ಆಡಿದವರೆಲ್ಲ ಜೂಜುಕೋರರೇ?

ಎಲೆ ವಿರೋಧಿ: ನಿಮ್ಮ ಮನೆಯ ಸಂಸ್ಕಾರ ನಿಮಗೇ ಗೊತ್ತು.

ರಾತ್ರಿಪಾಳಿ: ಮನೆಯ ಮಾತು ಎತ್ತಿದರೆ ಸರಿಯಿರುವುದಿಲ್ಲ.

ಹುಬ್ಬಳ್ಳಿ ಗೇಮರ್: 2023ರ ಇಂಡಿ (ದೊಡ್ಡ ಕಂಪನಿಗಳ ಹಂಗಿಲ್ಲದ ಸ್ವತಂತ್ರ ಆಟಗಳ) ಪಟ್ಟಿಯಲ್ಲಿ ‘ಡೇವ್ ದ ಡೈವರ್’ ಹೇಗಿತ್ತು? ಅದನ್ನು ಮಾಡಿದ ಮಿಂಟ್‌ರಾಕೆಟ್ ಕೊರಿಯಾದ ದೈತ್ಯ ಕಂಪನಿ ನೆಕ್ಸಾನ್‌ನದಲ್ಲವೇ?

ಎಲೆ ವಿರೋಧಿ: ಚೌಕ ಚೌಕ ಚಿತ್ರ ಕಂಡರೆ ಸಾಕು, ಇಂಡಿ ಎನ್ನುತ್ತಾರೆ.

ಹುಬ್ಬಳ್ಳಿ ಗೇಮರ್: ನಿಮ್ಮನ್ನು ಕೇಳಲಿಲ್ಲ.

ಹೊಸಬ: ಡಿಎಲ್‌ಸಿ ಹೇಗೆ ಪಟ್ಟಿಗೆ ಬಂತು ಸರ್?

ಡಿಸೈನರ್: ಮೇಲೆ ಓದಿ.

ಪಿಕ್ಸೆಲ್ ಪುಟ್ಟ: ಇನ್ನೊಂದು ಸಂದೇಶ ಬಂದಿದೆ, ಫೋನ್‌ನ ದೇಶ ಬದಲಾಯಿಸಿದರೆ ಮತ ಎರಡು…

ಡಿಸೈನರ್: ಪುಟ್ಟ ಅವರೇ, ಇನ್ನೊಂದು ಬಂದರೆ ನಾನು ಗುಂಪು ಬಿಡುತ್ತೇನೆ.

ಶಿವಮೊಗ್ಗದ ಅಕ್ಕ: ಸರ್, ಅಪ್ಪ ಫೋನ್ ಎತ್ತುತ್ತಿಲ್ಲ.

ಡಿಸೈನರ್: ಅಮ್ಮನಿಗೆ ಮಾಡಿ. ಈಗಲೇ.