ಲ್ಯಾಬ್ ಚಾರ್ಜ್ ನನ್ನ ಕೊರಳಿಗೆ ಬಿದ್ದಿದೆ, ಮೊದಲು ಏನು ಮಾಡಲಿ?

ಕಬ್ಬಿನೂರ ಡಾಕ್ಟರ್ ಕೇಳಿದ್ದು:

ನಾನು ಜನರಲ್ ಮೆಡಿಸಿನ್ ಎಂ.ಡಿ. ಬಾಗಲಕೋಟೆ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಮೂರು ವರ್ಷದಿಂದ ಇದ್ದೇನೆ. ಊರಿನ ಹೆಸರು ಬೇಡ. ಕ್ರಷಿಂಗ್ ಶುರುವಾದರೆ ಆಸ್ಪತ್ರೆ ಗೇಟಿನ ಮುಂದೆ ಕಬ್ಬಿನ ಟ್ರ್ಯಾಕ್ಟರ್ ಸಾಲು ನಿಲ್ಲುತ್ತದೆ ಅಂದರೆ ಈ ಕಡೆಯವರಿಗೆ ಅಂದಾಜು ಸಿಗುತ್ತದೆ.

ಹೋದ ತಿಂಗಳು ನಮ್ಮ ಆಡಳಿತ ವೈದ್ಯಾಧಿಕಾರಿಗಳು ಕರೆದು, "ಲ್ಯಾಬು, ಎಕ್ಸ್‌ರೇ, ಇಸಿಜಿ ಎಲ್ಲಾ ಇನ್ನ ಮುಂದ ನೀವ ನೋಡ್ಕೋರಿ" ಅಂದರು. ಪೆಥಾಲಜಿಸ್ಟ್ ಹುದ್ದೆ ಖಾಲಿ. ರೇಡಿಯಾಲಜಿಸ್ಟ್ ವಾರಕ್ಕೆ ಎರಡು ದಿನ ಬರುತ್ತಾರೆ. ಉಳಿದವನು ನಾನು. ರೋಗಿ ನೋಡಿ ಅಭ್ಯಾಸ ಇದೆ, ಲ್ಯಾಬ್ ನಡೆಸಿ ಗೊತ್ತಿಲ್ಲ. ಎಂ.ಡಿ. ಓದುವಾಗ ಇದನ್ನು ಯಾರೂ ಕಲಿಸಲಿಲ್ಲ.

ಚಾರ್ಜ್ ತಗೊಂಡ ಎಂಟನೇ ದಿನಕ್ಕೇ ಪೆಟ್ಟು ಬಿತ್ತು. ಬಿಪಿ, ಶುಗರ್ ಇರುವ ಒಬ್ಬ ಅಜ್ಜ ಸುಸ್ತು ಅಂತ ಬಂದ. ಪೊಟ್ಯಾಸಿಯಂ 6.9 ಬಂತು, ನಿಜವಾಗಿದ್ದರೆ ಹೃದಯವೇ ನಿಲ್ಲಬಹುದಾದ ನಂಬರ್. ಇಸಿಜಿ ನಾರ್ಮಲ್ ಇತ್ತು. ಆದರೂ ಆ ನಂಬರ್ ನೋಡಿ ನನಗೇ ಕೈ ನಡುಗಿತು. ಕ್ಯಾಲ್ಸಿಯಂ ಗ್ಲುಕೋನೇಟ್ ಕೊಟ್ಟು, 108ರಲ್ಲಿ ಬಾಗಲಕೋಟೆಗೆ ಕಳಿಸಿದೆ. ಮಗ ಕಬ್ಬು ಕಡಿಯುವ ಗ್ಯಾಂಗ್ ಬಿಟ್ಟು ಜೊತೆಗೆ ಹೋದ. ಅಲ್ಲಿ ಮತ್ತೆ ನೋಡಿದರೆ 4.3, ನಾರ್ಮಲ್. ಮರುದಿನ ಮಗ ಬಂದ. ಬೈಯಲಿಲ್ಲ. "ಸಾಹೇಬ್ರ, ಇನ್ನ ಮ್ಯಾಲ ರಕ್ತ ಹೊರಗ ತಗಸ್ತೇವ್ರಿ" ಅಂದ, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಅವನೊಬ್ಬನೇ ಅಲ್ಲ, ನಮ್ಮ ಡಾಕ್ಟರ್‌ಗಳೇ ಡೌಟ್ ಬಂದರೆ ಗೇಟಿನ ಎದುರಿನ ಲ್ಯಾಬ್‌ಗೆ ಚೀಟಿ ಬರೆಯುತ್ತಾರೆ. ನಾನೂ ಬರೆದಿದ್ದೇನೆ.

ಮಷೀನ್ ಹಳೆಯದು. ಹೊಸ ಅನಲೈಜರ್ ಬೇಕೆಂದು ಜಿಲ್ಲೆಗೆ ಪತ್ರ ಬರೆಯಲು ಕೂತಿದ್ದೇನೆ. ಅದಕ್ಕೂ ಮೊದಲು ಮಾಡುವ ಕೆಲಸ ಏನಾದರೂ ಇದೆಯಾ? ಇಂಥ ಚಾರ್ಜ್ ನೋಡಿಕೊಂಡವರು ಇದ್ದರೆ ಹೇಳಿ.

ಲಿಂಬೆ ನಾಡಿನವ ಬರೆದದ್ದು:

ಪತ್ರ ಸದ್ಯಕ್ಕೆ ಡ್ರಾಯರ್‌ನಲ್ಲಿ ಇಡಿ.

ನಾನೂ ಫಿಜಿಶಿಯನ್ನೇ. ವಿಜಯಪುರ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಇದ್ದು ರಿಟೈರ್ ಆದವನು. ಅದರಲ್ಲಿ ಹನ್ನೊಂದು ವರ್ಷ ನಿಮ್ಮ ಹಾಗೇ ಲ್ಯಾಬ್ ನನ್ನ ಕೊರಳಿಗಿತ್ತು. ನಾನೂ ಮೊದಲು ಪತ್ರವನ್ನೇ ಬರೆದೆ. ಒಂದೂವರೆ ವರ್ಷದ ಮೇಲೆ ಹೊಸ ಮಷೀನ್ ಬಂತು. ತಪ್ಪು ರಿಪೋರ್ಟ್‌ಗಳು ಮೊದಲಿಗಿಂತ ಬೇಗ ಬರತೊಡಗಿದವು.

ಹಾಗಾಗಿ ಒಂದು ವಾರ ಲ್ಯಾಬ್ ಒಳಗೇ ಹೋಗಬೇಡಿ. ಬೆಳಗ್ಗೆ ಆರೂವರೆಗೆ ವಾರ್ಡ್‌ಗೆ ಹೋಗಿ. ಸಿಸ್ಟರ್ ರಕ್ತ ತೆಗೆಯುವುದನ್ನು ಸುಮ್ನೆ ನಿಂತು ನೋಡಿ. ಆಮೇಲೆ ಒಂದು ಟ್ಯೂಬ್ ಗುರುತಿಟ್ಟುಕೊಂಡು ಅದರ ಹಿಂದೆ ನಡೆಯಿರಿ. ಅದು ಲ್ಯಾಬ್ ತಲುಪುವವರೆಗೆ ಬೇರೆ ಕೆಲಸ ಬೇಡ.

ನಾನು ಹೀಗೆ ನಡೆದದ್ದು ಒಂದು ಮೇ ತಿಂಗಳಲ್ಲಿ. ನಮ್ಮ ಕಡೆ ಮೇ ಅಂದರೆ ನಿಮಗೆ ಗೊತ್ತಲ್ಲ, 40 ಡಿಗ್ರಿ ದಾಟಿದ್ದನ್ನು ಯಾರೂ ಸುದ್ದಿ ಅಂತ ಹೇಳುವುದಿಲ್ಲ. ರಕ್ತ ತೆಗೆದದ್ದು ಏಳಕ್ಕೆ. ಟ್ಯೂಬ್‌ಗಳು ವಾರ್ಡಿನ ಕಿಟಕಿ ಕಟ್ಟೆಯ ಮೇಲೆ ಕೂತವು. ಒಯ್ಯುವ ಹುಡುಗ ಒಂದು ರೋಗಿಯನ್ನು ಎಕ್ಸ್‌ರೇಗೆ ಕರೆದೊಯ್ದ, ಬಂದ, ಚಹಾ ಕುಡಿದ, ಲಿನನ್ ಗಂಟು ಹೊತ್ತ. ಟ್ಯೂಬ್ ಲ್ಯಾಬ್‌ಗೆ ಮುಟ್ಟಿದಾಗ ಹತ್ತೂಕಾಲು. ಮಾಮೂಲಿ ಟ್ಯೂಬ್‌ನಲ್ಲಿ ಇಟ್ಟ ರಕ್ತದಲ್ಲಿ ಸಕ್ಕರೆ ಗಂಟೆಗೆ ಸುಮಾರು 5ರಿಂದ 7 ಶೇಕಡಾ ಇಳಿಯುತ್ತದೆ, ಕಣಗಳೇ ತಿನ್ನುತ್ತವೆ. ಸೆಕೆಯಲ್ಲಿ ಇನ್ನೂ ಜಾಸ್ತಿ. ನಾನು ವರ್ಷಗಟ್ಟಲೆ ಆ ನಂಬರ್ ನೋಡಿ "ಶುಗರ್ ಕಂಟ್ರೋಲ್‌ನಲ್ಲಿದೆ" ಅಂತ ರೋಗಿಗಳ ಬೆನ್ನು ತಟ್ಟಿದ್ದೆ. ಸಕ್ಕರೆ ಇಳಿಯುವುದನ್ನು ತಡೆಯುವ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ನಮ್ಮ ಸಾಮಾನು ತರಿಸುವ ಇಂಡೆಂಟ್‌ನಲ್ಲೇ ಇರಲಿಲ್ಲ. ಅದು ಬಂದರೂ ಟ್ಯೂಬ್ ಬೇಗ ಒಯ್ಯಲೇಬೇಕು, ಫ್ಲೋರೈಡ್ ಮೊದಲ ಒಂದೆರಡು ಗಂಟೆ ಪೂರ್ತಿ ತಡೆಯುವುದಿಲ್ಲ.

ಈಗ ನಿಮ್ಮ ಅಜ್ಜನ 6.9. ನೀವು ಕಳಿಸಿದ್ದು ತಪ್ಪಲ್ಲ. ಇಸಿಜಿ ನಾರ್ಮಲ್ ಇದ್ದೂ ಪೊಟ್ಯಾಸಿಯಂ ನಿಜವಾಗಿಯೇ ಏರಿರಬಹುದು. ಆದರೆ ಎರಡು ಮಾತು ಕೇಳಬೇಕಿತ್ತು. ಒಂದು, ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಅದರ ಬಣ್ಣ ಹೇಗಿತ್ತು? ಸಣ್ಣ ಸೂಜಿಯಲ್ಲಿ ಎಳೆದು, ಸಿರಿಂಜ್ ಒತ್ತಿ ಟ್ಯೂಬ್‌ಗೆ ಚಿಮ್ಮಿಸಿದರೆ ಕೆಂಪು ಕಣ ಒಡೆದು ಒಳಗಿನ ಪೊಟ್ಯಾಸಿಯಂ ಹೊರಗೆ ಬರುತ್ತದೆ. ಸೀರಂ ಗುಲಾಬಿ ಆಗುತ್ತದೆ. ಎರಡು, ಅದೇ ಸ್ಯಾಂಪಲ್‌ನಲ್ಲಿ ಕ್ಯಾಲ್ಸಿಯಂ ಎಷ್ಟಿತ್ತು? ನೇರಳೆ ಮುಚ್ಚಳದ ಟ್ಯೂಬ್‌ನಲ್ಲಿ ಇರುವುದು ಪೊಟ್ಯಾಸಿಯಂ ಇಡಿಟಿಎ, ಕ್ಯಾಲ್ಸಿಯಂ ಹಿಡಿದಿಟ್ಟು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು. ಸಿಸ್ಟರ್ ಅದನ್ನು ಮೊದಲು ತುಂಬಿಸಿ, ಹೆಚ್ಚಾಯಿತು ಅಂತ ಸ್ವಲ್ಪ ಸೀರಂ ಪರೀಕ್ಷೆಯ ಕೆಂಪು ಟ್ಯೂಬ್‌ಗೆ ಸುರಿದರೆ ಮುಗಿಯಿತು. ಪೊಟ್ಯಾಸಿಯಂ ಆಕಾಶಕ್ಕೆ, ಕ್ಯಾಲ್ಸಿಯಂ ಪಾತಾಳಕ್ಕೆ. ಆಗ ಸೀರಂ ಬಣ್ಣದಲ್ಲಿ ಏನೂ ಗೊತ್ತಾಗುವುದಿಲ್ಲ. ಅದೇ ಮೋಸ.

ನಮ್ಮಲ್ಲಿ ಟೆಕ್ನೀಷಿಯನ್‌ಗೆ ಗುಲಾಬಿ ಸೀರಂ ದಿನಾ ಕಾಣುತ್ತಿತ್ತು. ಹೇಳುತ್ತಿರಲಿಲ್ಲ. ಯಾಕೆ ಅಂದರೆ, ಹಿಂದೆ ಒಮ್ಮೆ ಸ್ಯಾಂಪಲ್ ವಾಪಸ್ ಕಳಿಸಿದ್ದಕ್ಕೆ ಒಬ್ಬ ಡಾಕ್ಟರ್ ಎಲ್ಲರ ಮುಂದೆ ಬೈದಿದ್ದರು. ಆ ಡಾಕ್ಟರ್ ನಾನೇ. ನನಗೆ ನೆನಪೇ ಇರಲಿಲ್ಲ, ಅವರಿಗೆ ತಾರೀಕು ಸಮೇತ ನೆನಪಿತ್ತು. ಮರುದಿನ ಒಂದು ನೋಟ್‌ಬುಕ್ ತಂದು ಕೊಟ್ಟೆ. ಮೊದಲ ಪುಟದಲ್ಲಿ ಬರೆದು ಸಹಿ ಹಾಕಿದೆ: ಸ್ಯಾಂಪಲ್ ಸರಿ ಇಲ್ಲದಿದ್ದರೆ ವಾಪಸ್ ಕಳಿಸುವ ಅಧಿಕಾರ ಟೆಕ್ನೀಷಿಯನ್‌ದು, ಜಗಳ ಇದ್ದರೆ ನನ್ನ ಹತ್ತಿರ ಬರಬೇಕು. ಜಗಳ ಬಂದವು. ಸರ್ಜನ್ ಸಾಹೇಬರು ಎರಡು ವಾರ ನನ್ನ ಜೊತೆ ಮಾತು ಬಿಟ್ಟಿದ್ದರು. ಹನ್ನೊಂದು ವರ್ಷದಲ್ಲಿ ನಾನು ಮಾಡಿದ ದೊಡ್ಡ ಕೆಲಸ ಯಾವುದು ಅಂದರೆ ಆ ನೋಟ್‌ಬುಕ್ಕೇ.

ಆಮೇಲೆ ಕಂಟ್ರೋಲ್. ದಿನಾ ಬೆಳಗ್ಗೆ ರೋಗಿಗಳ ಸ್ಯಾಂಪಲ್‌ಗಿಂತ ಮೊದಲು ಕಂಟ್ರೋಲ್ ಸೀರಂ, ಅಂದರೆ ಎಷ್ಟು ಬರಬೇಕು ಅಂತ ಮೊದಲೇ ಗೊತ್ತಿರುವ ಸೀರಂ, ಮಷೀನ್‌ನಲ್ಲಿ ಓಡಿಸಬೇಕು. ಬಂದ ನಂಬರನ್ನು, ನಡುವೆ ಬರಬೇಕಾದ ನಂಬರ್, ಮೇಲೆ ಕೆಳಗೆ ಮಿತಿಯ ಗೆರೆ ಇರುವ ಲೆವಿ-ಜೆನ್ನಿಂಗ್ಸ್ ಚಾರ್ಟ್‌ನಲ್ಲಿ ಚುಕ್ಕಿ ಇಡಬೇಕು. ಕಂಪ್ಯೂಟರ್ ಬೇಡ, ಗ್ರಾಫ್ ಹಾಳೆ ಸಾಕು, ಗೋಡೆಗೆ ಅಂಟಿಸಿ. ಒಂದು ಚುಕ್ಕಿ ಗೆರೆ ದಾಟಿದರೆ ಎಲ್ಲರಿಗೂ ಕಾಣುತ್ತದೆ. ನಿಜವಾಗಿ ನೋಡಬೇಕಾದದ್ದು ಗೆರೆ ದಾಟದೆ ಒಂದೇ ಕಡೆ ವಾಲುವ ಚುಕ್ಕಿಗಳನ್ನು. ನಮ್ಮಲ್ಲಿ ಒಮ್ಮೆ ಕ್ಯಾಲ್ಸಿಯಂ ಚುಕ್ಕಿ ಆರು ದಿನ ಸತತವಾಗಿ ಮೇಲೇ ಕೂತಿತ್ತು. ರೀಏಜೆಂಟ್ (ಪರೀಕ್ಷೆಗೆ ಹಾಕುವ ರಾಸಾಯನಿಕ) ಬದಲಿಸಿದೆವು, ಹೋಗಲಿಲ್ಲ. ಕೊನೆಗೆ ಸಿಕ್ಕಿದ್ದು ಮೂಲೆಯ ಕ್ಯಾನ್‌ನಲ್ಲಿ. ಡಿಸ್ಟಿಲ್ಡ್ ವಾಟರ್ ಮುಗಿದಿತ್ತು, ಯಾರೋ ಒಳ್ಳೆ ಮನಸ್ಸಿನಿಂದ ಕುಡಿಯುವ ನೀರಿನ ಘಟಕದ ನೀರು ತುಂಬಿಸಿದ್ದರು. ನಮ್ಮ ಬೋರ್‌ವೆಲ್ ನೀರಿನಲ್ಲಿ ಬೇಳೆಯೂ ಬೇಯುವುದಿಲ್ಲ. ಫಿಲ್ಟರ್ ಮಾಡಿದರೂ ಕ್ಯಾಲ್ಸಿಯಂ ಪೂರ್ತಿ ಹೋಗುತ್ತದಾ?

ಕಂಟ್ರೋಲ್ ಅಂದರೆ ನಮ್ಮ ಪರೀಕ್ಷೆಗೆ ನಾವೇ ಮಾರ್ಕ್ಸ್ ಹಾಕಿಕೊಂಡ ಹಾಗೆ. ಹೊರಗಿನವರೂ ಹಾಕಲಿ. ವೆಲ್ಲೂರಿನ ಸಿಎಂಸಿಯವರು ಬಯೋಕೆಮಿಸ್ಟ್ರಿಗೆ ಹೊರಗಿನ ಗುಣಮಟ್ಟ ಪರೀಕ್ಷೆ ನಡೆಸುತ್ತಾರೆ. ಹೆಸರು ನೋಂದಾಯಿಸಿ. ಫೀಸ್ ಆರೋಗ್ಯ ರಕ್ಷಾ ಸಮಿತಿಯ ಮುಂದಿಡಿ. ಸಭೆಯಲ್ಲಿ ಯಾರಾದರೂ "ಇದರಿಂದ ಏನ್ ಲಾಭ?" ಅಂತ ಕೇಳುತ್ತಾರೆ. ಅಜ್ಜನ ಕಥೆ ಹೇಳಿ.

ಎಕ್ಸ್‌ರೇ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಇಆರ್‌ಬಿ (ಅಣುಶಕ್ತಿ ನಿಯಂತ್ರಣ ಮಂಡಳಿ) ಲೈಸೆನ್ಸ್ ಅವಧಿ ನೋಡಿ. ಟಿಎಲ್‌ಡಿ ಬ್ಯಾಡ್ಜ್ (ಮೈಗೆ ತಾಗಿದ ವಿಕಿರಣ ಅಳೆಯುವುದು) ಟೆಕ್ನೀಷಿಯನ್ ಎದೆಯ ಮೇಲಿದೆಯಾ, ಗೋಡೆಯ ಮೊಳೆಯ ಮೇಲಿದೆಯಾ ನೋಡಿ. ಸ್ಕ್ಯಾನ್ ರೂಮಿನ ಫಾರ್ಮ್ ಎಫ್, ಗರ್ಭಿಣಿಯರ ಸ್ಕ್ಯಾನ್‌ಗೆ ತುಂಬುವುದು, ಮಾತ್ರ ಹಗುರವಾಗಿ ತಗೋಬೇಡಿ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಲ್ಲಿ ದಾಖಲೆ ಅರ್ಧಂಬರ್ಧ ಇಟ್ಟರೂ ಅದು ಅಪರಾಧವೇ.

ಲ್ಯಾಬ್ ಅಕ್ಕ ಬರೆದದ್ದು:

ನಾನು ಬೆಳಗಾವಿ ಜಿಲ್ಲೆಯಲ್ಲಿ ಲ್ಯಾಬ್ ಟೆಕ್ನೀಷಿಯನ್. ಗುತ್ತಿಗೆ. ಸರ್ ಹೇಳಿದ ನೋಟ್‌ಬುಕ್ ಓದಿ ಕಣ್ಣಲ್ಲಿ ನೀರು ಬಂತು, ತಮಾಷೆ ಅಲ್ಲ.

ನಮ್ಮ ಕಡೆಯಿಂದಲೂ ಸ್ವಲ್ಪ ಕೇಳಿ. ಫಾರ್ಮ್‌ನಲ್ಲಿ "ಜ್ವರ, ಆಲ್ ರೂಟೀನ್" ಅಂತ ಬರೆದು ಕಳಿಸುತ್ತೀರಿ. ಜ್ವರ ಎಷ್ಟನೇ ದಿನ ಅಂತ ಯಾರೂ ಬರೆಯುವುದಿಲ್ಲ. ಡೆಂಗ್ಯೂಗೆ ಮೊದಲ ಐದು ದಿನ ಎನ್‌ಎಸ್1 (ವೈರಸ್‌ನ ಪ್ರೋಟೀನ್ ಹುಡುಕುವುದು), ಆಮೇಲೆ ಐಜಿಎಂ (ದೇಹ ಮಾಡಿದ ಪ್ರತಿಕಾಯ ಹುಡುಕುವುದು). ದಿನ ಗೊತ್ತಿಲ್ಲದೆ ನಾನು ಯಾವ ಕಿಟ್ ಒಡೆಯಲಿ? ಅಷ್ಟು ಬೇಗ ಏನೂ ತೋರಿಸದ ಟೈಫಾಯ್ಡ್ ಪರೀಕ್ಷೆ ವಿಡಾಲ್ ಅನ್ನು ಎರಡನೇ ದಿನದ ಜ್ವರಕ್ಕೆ ಬರೆಯುವುದನ್ನು ನೀವು ನಿಲ್ಲಿಸಿದರೆ ಬೆಳಗ್ಗೆ ನನಗೆ ಎಷ್ಟೋ ಟೈಮ್ ಉಳಿಯುತ್ತದೆ.

ಪ್ಲೇಟ್ಲೆಟ್ ಇನ್ನೊಂದು. ಡೆಂಗ್ಯೂ ಸೀಸನ್‌ನಲ್ಲಿ ಕೌಂಟರ್ 22 ಸಾವಿರ ತೋರಿಸಿದರೆ ಮನೆಯವರು ಗಾಡಿ ಮಾಡಿಕೊಂಡು ಮೀರಜ್ ಕಡೆ ಓಡುತ್ತಾರೆ. ಕೆಲವರ ರಕ್ತದಲ್ಲಿ ಇಡಿಟಿಎ ಸೇರಿದರೆ ಪ್ಲೇಟ್ಲೆಟ್ ಗುಂಪಾಗಿ ಅಂಟಿಕೊಳ್ಳುತ್ತವೆ, ಮಷೀನ್‌ಗೆ ಅವು ಕಾಣುವುದಿಲ್ಲ. ಸ್ಲೈಡ್ ಮೇಲೆ ರಕ್ತ ಸವರಿ ಆ ಸ್ಮಿಯರ್ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಗುಂಪು ಕಾಣುತ್ತದೆ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬ್‌ನಲ್ಲಿ ಮತ್ತೆ ತೆಗೆದು, ಅದರೊಳಗಿನ ದ್ರವದಿಂದ ರಕ್ತ ತೆಳುವಾಗುವುದರಿಂದ ಬಂದದ್ದನ್ನು 1.1ರಿಂದ ಗುಣಿಸಬೇಕು. ನನಗೆ ಇದು ಬರುತ್ತದೆ. ಆದರೆ "ಕಡಿಮೆ ಬಂದರೆ ಸ್ಮಿಯರ್ ನೋಡಿ ಫೋನ್ ಮಾಡಿ" ಅಂತ ಒಬ್ಬ ಡಾಕ್ಟರ್ ಆದರೂ ಹೇಳಬೇಕಲ್ವಾ?

ನೀವು ಕಬ್ಬಿನ ಸೀಮೆಯವರು ಅಂದಿರಿ, ಹಾವು ಕಡಿತ ಬಂದೇ ಬರುತ್ತದೆ. ವಿಷ ಏರಿ ರಕ್ತ ಹೆಪ್ಪುಗಟ್ಟುವುದು ನಿಂತಿದೆಯಾ ಅಂತ ನೋಡುವ 20 ನಿಮಿಷದ ಪರೀಕ್ಷೆಗೆ ಹೊಸ, ಸ್ವಚ್ಛ, ಒಣಗಿದ ಗಾಜಿನ ಟ್ಯೂಬೇ ಬೇಕು. ಒಂದು ರಾತ್ರಿ ಕ್ಯಾಜುವಾಲ್ಟಿಯಲ್ಲಿ ಪ್ಲಾಸ್ಟಿಕ್ ಟ್ಯೂಬ್‌ನಲ್ಲಿ ಹಾಕಿ "ಹೆಪ್ಪುಗಟ್ಟಿಲ್ಲ" ಅಂತ ಹಾವಿನ ವಿಷ ಇಳಿಸುವ ಇಂಜೆಕ್ಷನ್ ಶುರು ಮಾಡಿದ್ದರು. ಪ್ಲಾಸ್ಟಿಕ್‌ನಲ್ಲಿ ಸರಿಯಾಗಿ ಹೆಪ್ಪುಗಟ್ಟುವುದೇ ಇಲ್ಲ. ಸೋಪಿನಲ್ಲಿ ತೊಳೆದ ಗಾಜೂ ಮೋಸ ಮಾಡುತ್ತದೆ. ಒಂದು ಡಬ್ಬದಲ್ಲಿ ಹತ್ತು ಹೊಸ ಗಾಜಿನ ಟ್ಯೂಬ್ ಹಾಕಿ, ಮೇಲೆ ಹಾವಿನ ಚಿತ್ರ ಬರೆದು ಕ್ಯಾಜುವಾಲ್ಟಿಯಲ್ಲಿ ಇಡಿ. ನಾನು ಹಾಗೇ ಮಾಡಿದ್ದೇನೆ. ಚಿತ್ರ ಹಾವಿಗಿಂತ ಎರೆಹುಳದ ಹಾಗಿದೆ, ಆದರೂ ಕೆಲಸ ನಡೆಯುತ್ತದೆ.

ಇಂಡೆಂಟ್ ಇಂಡಿಯಾ ಬರೆದದ್ದು:

ಆದರ್ಶ ಎಲ್ಲಾ ಸರಿ. ಆದರೆ ರೀಏಜೆಂಟೇ ಬರದಿದ್ದರೆ? ಉಚಿತ ಪರೀಕ್ಷೆಗಳ ಪಟ್ಟಿಯಲ್ಲಿ ತಾಲ್ಲೂಕು ಮಟ್ಟಕ್ಕೆ 111 ಅಂತ ಇದೆ. ನಮ್ಮಲ್ಲಿ ಗೋಡೆಗೆ ಬರೆದ ಬೋರ್ಡ್ ಮಾತ್ರ ಪೂರ್ತಿ ಇದೆ. ಒಂದು ಬುದ್ಧಿಮಾತು: ಮಷೀನ್ ಬರೆಯುವಾಗ ಕ್ಲೋಸ್ಡ್ ಸಿಸ್ಟಮ್ ಬರೆಯಬೇಡಿ. ಆ ಕಂಪನಿಯ ರೀಏಜೆಂಟ್ ಬಿಟ್ಟು ಬೇರೆ ಹಾಕಲು ಬರುವುದಿಲ್ಲ. ಸಪ್ಲೈ ನಿಂತರೆ ಮಷೀನ್‌ಗೆ ಬಟ್ಟೆ ಹೊದಿಸಿ ಕೂರಬೇಕು.

ಲಿಂಬೆ ನಾಡಿನವ ಬರೆದದ್ದು:

ಒಪ್ಪುತ್ತೇನೆ. 111ರ ಬೆನ್ನು ಹತ್ತಬೇಡಿ. ನಿಮ್ಮ ರೋಗಿಗಳಿಗೆ ದಿನಾ ಬೇಕಾಗುವ ಹದಿನೈದು ಇಪ್ಪತ್ತು ಪರೀಕ್ಷೆ ಆರಿಸಿಕೊಳ್ಳಿ. ಅವು ರಾತ್ರಿ ಎರಡು ಗಂಟೆಗೂ ಸರಿಯಾಗಿ ಬರಲಿ. ಉಳಿದವುಗಳ ಸ್ಟಾಕ್ ಎಷ್ಟು ದಿನ ಇರಲಿಲ್ಲ ಅಂತ ತಾರೀಕು ಹಾಕಿ ಬರೆದಿಡಿ. ಡ್ರಾಯರ್‌ನಲ್ಲಿ ಇಟ್ಟ ಪತ್ರ ತೆಗೆಯುವಾಗ ಆ ಹಾಳೆ ಜೊತೆಗೆ ಇಟ್ಟು ಕಳಿಸಿ. ಲ್ಯಾಬ್ ಅಕ್ಕ ಹೇಳಿದ ಹಾವಿನ ಡಬ್ಬ ನಮಗೆ ಹೊಳೆದಿರಲಿಲ್ಲ.

ಕಬ್ಬಿನೂರ ಡಾಕ್ಟರ್ ಬರೆದದ್ದು:

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ.

ಟ್ಯೂಬ್ ಹಿಂದೆ ನಡೆದೆ. ಮೊದಲ ದಿನ ಸಿಸ್ಟರ್ ಗಾಬರಿಯಾದರು, ಇನ್ಸ್‌ಪೆಕ್ಷನ್ ಅಂದುಕೊಂಡರು. ಮೂರನೇ ದಿನ ಮರೆತರು, ಆಗ ಕಂಡಿತು. ನೇರಳೆ ಮೊದಲು, ಕೆಂಪು ಆಮೇಲೆ. ನೇರಳೆ ತುಂಬಿ ಹೆಚ್ಚಾದದ್ದು ಕೆಂಪಿಗೆ. ಯಾಕೆ ಹಾಗೆ ಅಂತ ಮೆಲ್ಲಗೆ ಕೇಳಿದೆ. "ಟ್ರೇದಾಗ ಹಂಗ ಅದಾವಲ್ರಿ ಸರ್, ನೀವ ಹೇಳಿದ್ರಿ" ಅಂದರು. ನೆನಪಾಯಿತು. ಸೇರಿದ ಹೊಸತರಲ್ಲಿ, ನೇರಳೆ ಟ್ಯೂಬ್‌ನಲ್ಲಿ ಮಾಡುವ ಸಿಬಿಸಿ (ರಕ್ತಕಣಗಳ ಎಣಿಕೆ) ಜಾಸ್ತಿ ಬರೆಯುತ್ತೇವೆ ಅಂತ ನೇರಳೆ ಟ್ಯೂಬ್ ಮುಂದಿನ ಸಾಲಿಗೆ ಇಡಿಸಿದವನು ನಾನೇ.

ಅಜ್ಜನ ಹಳೇ ರಿಪೋರ್ಟ್ ತೆಗೆಸಿ ನೋಡಿದೆ. ಕ್ಯಾಲ್ಸಿಯಂ ಪಾತಾಳದಲ್ಲೇ ಇತ್ತು, 5.1. ಅವತ್ತು ಅದೇ ಹಾಳೆಯಲ್ಲಿ, ಎರಡು ಸಾಲು ಕೆಳಗೆ ಇತ್ತು. ನಾನು 6.9ರ ಹತ್ತಿರವೇ ಓದು ನಿಲ್ಲಿಸಿದ್ದೆ.

ಟ್ರೇ ಬದಲಾಗಿದೆ. ನೀಲಿ, ಕೆಂಪು, ನೇರಳೆ, ಬೂದು, ಆ ಸಾಲಿನಲ್ಲಿ. ನೋಟ್‌ಬುಕ್ ಇಟ್ಟಿದ್ದೇನೆ, ಸಹಿ ಹಾಕಿದ್ದೇನೆ, ಇನ್ನೂ ಯಾರೂ ಅದರಲ್ಲಿ ಬರೆದಿಲ್ಲ. ಟೆಕ್ನೀಷಿಯನ್ ಬೇಕು ಅಂತ ಕೇಳಿದ್ದು ಒಂದೇ, ಫ್ರಿಜ್‌ಗೆ ಥರ್ಮಾಮೀಟರ್. ಸೋಮವಾರ ತರುತ್ತೇನೆ.

ನಿನ್ನೆ ಆ ಅಜ್ಜ ಬಿಪಿ ಮಾತ್ರೆಗೆ ಬಂದಿದ್ದ. ಎದುರಿಗೆ ಕೂರಿಸಿ, ಏನಾಗಿತ್ತು ಅಂತ ಎಲ್ಲಾ ಹೇಳಿದೆ. ತಪ್ಪು ನಮ್ಮದು ಅಂದೆ. ತಲೆ ಆಡಿಸಿ ಕೇಳಿದ. ಶುಗರ್ ನೋಡೋಣ, ತೋಳು ಕೊಡು ಅಂದೆ. ಅಂಗಿ ತೋಳು ಇನ್ನಷ್ಟು ಕೆಳಗೆ ಎಳೆದುಕೊಂಡು, "ಮುಂದಿನ ಸಲ ನೋಡೂಣ್ರಿ" ಅಂದ.