ಹಳೆಯ ಕೊಟ್ಟಿಗೆಯಲ್ಲಿ ಓದುವ ಕೋಣೆ: ಮಾಡಿಸಿದವರ ಅನುಭವ ಬೇಕು

ತೀರ್ಥಹಳ್ಳಿಯಿಂದ ಕೇಳಿದ್ದು:
ಅಜ್ಜನ ಕಾಲದ ಕೊಟ್ಟಿಗೆಯಿದೆ. ಜಂಬಿಟ್ಟಿಗೆಯ ಗೋಡೆ, ಮಂಗಳೂರು ಹೆಂಚು. ದನ ಕಟ್ಟುವುದು ಎಂದೋ ನಿಂತಿದೆ, ಹೆಂಚಿನ ಮಾಡು (ಚಾವಣಿ) ಒಂದು ಕಡೆ ಕುಸಿದಿದೆ. ಓದುತ್ತ, ಬರೆಯುತ್ತ ಒಬ್ಬಳೇ ಕೂರಲು ಒಂದು ಕೋಣೆಯಾದರೆ ಸಾಕು. ಗೋಡೆಗೆಲ್ಲ ಸಿಮೆಂಟ್ ಗಿಲಾವು ಮಾಡೋಣ ಎನ್ನುತ್ತಾರೆ ಮೇಸ್ತ್ರಿ. ಏನು ಮಾಡಲಿ?

ಸಾಗರದಿಂದ:
ಅಕ್ಕಾ, ದಯವಿಟ್ಟು ಸಿಮೆಂಟ್ ಬೇಡ. ಕೊಟ್ಟಿಗೆಯ ಗೋಡೆಯ ಬುಡದಲ್ಲಿ ತಲೆಮಾರುಗಳ ಗಂಜಲ ಇಂಗಿರುತ್ತದೆ. ಅದರ ಉಪ್ಪು ಮಳೆಗಾಲದಲ್ಲಿ ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಬಿಳಿ ಹುಡಿಯಾಗಿ ಹೊರಬಂದು ಗಿಲಾವನ್ನು ಎಬ್ಬಿಸುತ್ತದೆ. ಸಿಮೆಂಟ್ ಬಳಿದರೆ ಹೊರಗೆ ಆರಲು ದಾರಿಯಿಲ್ಲದ ತೇವ ಗೋಡೆಯೊಳಗೇ ಮೇಲೇರುತ್ತದೆ. ನಾವು ನೆಲದ ಹಳೆಯ ಮಣ್ಣನ್ನು ಒಂದಡಿ ಅಗೆದು ತೋಟಕ್ಕೆ ಹಾಕಿದೆವು, ಒಳ್ಳೆಯ ಗೊಬ್ಬರ ಅದು. ಆ ಜಾಗಕ್ಕೆ ಜಲ್ಲಿ ತುಂಬಿದೆವು. ಗೋಡೆಯ ಉಪ್ಪನ್ನು ಒಣ ಬ್ರಷ್‌ನಿಂದಲೇ ಉಜ್ಜಿ ತೆಗೆಯಿರಿ. ನೀರು ಹಾಕಿದರೆ ಕರಗಿ ಮತ್ತೆ ಒಳಗಿಳಿಯುತ್ತದೆ. ಒಂದು ಮಳೆಗಾಲ ಗೋಡೆಯನ್ನು ಬರಿದಾಗಿಯೇ ಬಿಡಿ. ದೀಪಾವಳಿ ಕಳೆದ ಮೇಲೆ ಸುಣ್ಣ, ಮರಳಿನ ಗಾರೆಯನ್ನು ತೆಳುವಾಗಿ ಮೂರು ಸಲ ಹಚ್ಚಿಸಿ. ನಮ್ಮಲ್ಲಿ ಈಗಲೂ ಬುಡದಲ್ಲಿ ಅಲ್ಲಲ್ಲಿ ಹುಡಿ ಏಳುತ್ತದೆ. ಗುಡಿಸಿ, ಸುಣ್ಣ ಬಳಿಯುತ್ತೇವೆ, ಅಷ್ಟೇ. ಪುಸ್ತಕದ ಕಪಾಟು ಮಾತ್ರ ಗೋಡೆಗೆ ತಾಗದಿರಲಿ.

ಪುತ್ತೂರಿನಿಂದ:
ಗೋಡೆಗಿಂತ ಮೊದಲು ಮಾಡು ಸರಿಯಾಗಬೇಕು. ಹೆಂಚು ಇಳಿಸುವಾಗ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಗಂಟೆಯಂತೆ ನಾದ ಬಂದರೆ ಗಟ್ಟಿ, ಬೊದ್ದು ಸದ್ದಾದರೆ ಬಿರುಕಿದೆ. ಚದರ ಮೀಟರಿಗೆ ಸುಮಾರು 15 ಹೆಂಚು ಬೇಕು. ಕಡಿಮೆಯಾದದ್ದನ್ನು ಕೊಳ್ಳಲು ಹೋಗುವಾಗ ನಿಮ್ಮದೊಂದು ಹೆಂಚು ಕೈಯಲ್ಲಿರಲಿ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಮೇಲೆ ಹೆಂಚಿನ ಕಾರ್ಖಾನೆಗಳು ಬಹಳ ಹುಟ್ಟಿದವು. ಅಚ್ಚು ತುಸು ಬೇರೆಯಾದರೂ ಒಂದರ ಮೇಲೊಂದು ಸರಿಯಾಗಿ ಕೂರದೆ ಸಂದಿನಲ್ಲಿ ನೀರಿಳಿಯುತ್ತದೆ. ಪಕಾಸುಗಳ, ಅಂದರೆ ಮಾಡನ್ನು ಹೊರುವ ಇಳಿಜಾರು ಮರಗಳ, ತುದಿಯನ್ನು, ಅದರಲ್ಲೂ ಗೋಡೆಯ ಮೇಲೆ ಕೂರುವ ಜಾಗವನ್ನು, ಉಳಿಯಿಂದ ಚುಚ್ಚಿ ನೋಡಿ. ಗೆದ್ದಲು ಹೊರಗೆ ಕಾಣದೆ ಒಳಗೇ ತಿಂದಿರುತ್ತದೆ. ಬರೆಯುವ ಮೇಜಿನ ಮೇಲ್ಗಡೆ ಎರಡು ಗಾಜಿನ ಹೆಂಚು ಹಾಕಿಸಿ. ಹಗಲು ದೀಪವೇ ಬೇಡ.

ಶಿರಸಿಯಿಂದ:
ಅಡಿಕೆ ಕೊಯ್ಲಿನ ಹೊತ್ತಿಗೆ ಆಳು ಸಿಗುವುದು ಕಷ್ಟ. ಮಾಡಿನ ಕೆಲಸವನ್ನು ಕೊಯ್ಲು ಮುಗಿದ ಮೇಲೆ, ಮಳೆಗೆ ಮುಂಚೆ ಮುಗಿಸಿಕೊಳ್ಳಿ. ಗೋದಲಿಯನ್ನು ಒಡೆಸಬೇಡಿ! ನಾವು ನಮ್ಮದರ ಮೇಲೆ ಹಲಸಿನ ಹಲಗೆ ಹಾಸಿದೆವು. ಕಿಟಕಿಯ ಕೆಳಗೆ ಕಾಲು ಚಾಚಿ ಮಲಗುವಷ್ಟು ಉದ್ದದ ಕಟ್ಟೆಯಾಯಿತು. ಬಚ್ಚಲು, ಅಡುಗೆಮನೆ ಸೇರಿಸೋಣ ಎಂದು ಯಾರಾದರೂ ಹೇಳುತ್ತಾರೆ. ಒಪ್ಪಬೇಡಿ, ಆಮೇಲೆ ಅದು ನೆಂಟರ ಕೋಣೆಯಾಗುತ್ತದೆ.